ಸೈಕ್: ಕೊನೆಯ ಸೀಸನ್

ಅಮೆರಿಕದ ಯುಎಸ್ಎ ನೆಟ್‌ವರ್ಕ್ ವಾಹಿನಿಯ ಪತ್ತೇದಾರಿ ಹಾಸ್ಯ ಧಾರಾವಾಹಿ ‘ಸೈಕ್’ನ ಎಂಟನೆಯ ಹಾಗೂ ಕಡೆಯ ಸೀಸನ್. 2014ರ ಜನವರಿ 8ರಿಂದ ಮಾರ್ಚ್ 26ರವರೆಗೆ ಹತ್ತು ಕಂತುಗಳಲ್ಲಿ ಪ್ರಸಾರವಾಯಿತು. 2006ರ ಜುಲೈ 7ರಂದು ಶುರುವಾಗಿದ್ದ ಧಾರಾವಾಹಿ ಇದರೊಂದಿಗೆ 120 ಕಂತುಗಳನ್ನು ಮುಗಿಸಿತು. ಇದರ ಸೃಷ್ಟಿಕರ್ತ ಸ್ಟೀವ್ ಫ್ರಾಂಕ್ಸ್. ಶೀರ್ಷಿಕೆ ಗೀತೆಯನ್ನು ಹಾಡಿದ್ದೂ ಅವರದೇ ಬ್ಯಾಂಡ್, ‘ದಿ ಫ್ರೆಂಡ್ಲಿ ಇಂಡಿಯನ್ಸ್’.

ಕಥೆ ನಡೆಯುವುದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ, ಚಿತ್ರೀಕರಣ ಮಾತ್ರ ಬಹುಪಾಲು ಕೆನಡಾದ ವ್ಯಾಂಕೂವರ್ ಸುತ್ತಮುತ್ತ ಮತ್ತು ವೈಟ್ ರಾಕ್ ಎಂಬ ಕಡಲತೀರದ ಊರಿನಲ್ಲಿ. ನಾಯಕ ಶಾನ್ ಸ್ಪೆನ್ಸರ್ (ಜೇಮ್ಸ್ ರೋಡೇ) ಟಿವಿಯ ಸುದ್ದಿ ನೋಡುತ್ತಲೇ ಅಪರಾಧಿ ಯಾರೆಂದು ಊಹಿಸಿ ಪೊಲೀಸರಿಗೆ ಫೋನ್ ಮಾಡುತ್ತಿದ್ದವನು. ಇಷ್ಟೆಲ್ಲ ಗೊತ್ತಿರಬೇಕಾದರೆ ಇವನಿಗೂ ಪಾಲಿರಬೇಕು ಎಂದು ಠಾಣೆಯವರು ಅನುಮಾನಿಸಿದಾಗ, ತನಗೆ ಅತೀಂದ್ರಿಯ ಶಕ್ತಿ ಇದೆ ಎಂದುಬಿಡುತ್ತಾನೆ. ನಿಜ ಬೇರೆ. ಅವನ ತಂದೆ ಹೆನ್ರಿ ನಿವೃತ್ತ ಪೊಲೀಸ್; ಮಗನನ್ನು ಚಿಕ್ಕಂದಿನಿಂದಲೇ ಗಮನಿಸುವುದರಲ್ಲಿ ಪಳಗಿಸಿದ್ದಾನೆ. ಮೊದಲ ಕಂತಿನಲ್ಲೇ ಹೋಟೆಲಿನಲ್ಲಿ ಕೂತ ಹುಡುಗನಿಗೆ ಕಣ್ಣು ಮುಚ್ಚಿಸಿ, ಅಲ್ಲಿ ಎಷ್ಟು ಜನ ಟೋಪಿ ಹಾಕಿದ್ದಾರೆ ಎಂದು ಕೇಳುತ್ತಾನೆ. ಉತ್ತರ ಹೇಳಿದರಷ್ಟೇ ಸಿಹಿತಿಂಡಿ. ದೊಡ್ಡವನಾದ ಮೇಲೆ ಶಾನ್ ಮಾಡುವುದೂ ಇದೇ ಕೆಲಸ, ಆದರೆ ದೇವರು ಮೈಮೇಲೆ ಬಂದವನ ಹಾಗೆ ಹಣೆಗೆ ಬೆರಳಿಟ್ಟು, ನಡುಗಿ, ಕೂಗಾಡಿ ಮಾಡುತ್ತಾನೆ. ಈ ಗುಟ್ಟು ಗೊತ್ತಿರುವವನು ಬಾಲ್ಯದ ಗೆಳೆಯ ಗಸ್ (ಡ್ಯುಲೇ ಹಿಲ್). ಔಷಧ ಕಂಪನಿಯ ನೌಕರಿ ಮಾಡುತ್ತಲೇ, ತನ್ನ ಪುಟ್ಟ ನೀಲಿ ಕಾರಿನಲ್ಲಿ ಶಾನ್‌ನನ್ನು ಹೊತ್ತು ತಿರುಗುವ ಪಾತ್ರ.

ಒಂದು ಸುಳ್ಳಿನ ಮೇಲೆ ನಿಂತ ಹಾಸ್ಯ ಎಂಟು ವರ್ಷ ನಡೆಯಬೇಕಾದರೆ ಆ ಸುಳ್ಳನ್ನು ಯಾರೂ ಗಟ್ಟಿಯಾಗಿ ಪ್ರಶ್ನಿಸಬಾರದು. ಪ್ರಶ್ನಿಸುತ್ತಿದ್ದವನು ಒಬ್ಬನೇ, ಮುಖ್ಯ ಪತ್ತೇದಾರಿ ಕಾರ್ಲ್ಟನ್ ಲಾಸಿಟರ್ (ತಿಮೋಥಿ ಓಮಂಡ್ಸನ್). ಅವನ ಅನುಮಾನವನ್ನು ಧಾರಾವಾಹಿ ಸದಾ ನಗೆಯ ಸರಕಾಗಿಯೇ ಬಳಸಿತು. ಗಂಭೀರವಾದ ಪೆಟ್ಟು ಬಿದ್ದದ್ದು ಏಳನೆಯ ಸೀಸನ್‌ನಲ್ಲಿ. ಲಾಸಿಟರ್‌ನ ಮದುವೆಯ ದಿನವೇ ಶಾನ್‌ನ ಪ್ರೇಯಸಿ, ಪತ್ತೇದಾರಿ ಜೂಲಿಯೆಟ್ ಓಹಾರಾಗೆ (ಮ್ಯಾಗಿ ಲಾಸನ್) ಸತ್ಯ ಗೊತ್ತಾಗುತ್ತದೆ. ಹಾಗಾಗಿ ಕೊನೆಯ ಸೀಸನ್‌ಗೆ ಬರುವ ಹೊತ್ತಿಗೆ ಉಳಿದಿದ್ದ ಪ್ರಶ್ನೆ ಗುಟ್ಟು ರಟ್ಟಾಗುವುದೇ ಎಂಬುದಲ್ಲ, ಲಾಸಿಟರ್‌ಗೆ ಗೊತ್ತಾದರೆ ಏನು ಮಾಡುತ್ತಾನೆ ಎಂಬುದು.

ಈ ಪ್ರಶ್ನೆಗೆ ಹೋಗುವ ಮುನ್ನ ತಂಡ ಬೇಕಾದಷ್ಟು ಆಟವಾಡಿತು. ಮೊದಲ ಕಂತು ಶಾನ್ ಮತ್ತು ಗಸ್‌ರನ್ನು ಲಂಡನ್ನಿಗೆ ಕರೆದೊಯ್ಯುತ್ತದೆ. ಹಳೆಯ ಸೀಸನ್‌ಗಳ ಕಲಾಕೃತಿ ಕಳ್ಳ ಡೆಸ್ಪರೋ (ಕ್ಯಾರಿ ಎಲ್ವೆಸ್) ಮತ್ತೆ ಬರುತ್ತಾನೆ. ಮೂರನೆಯ ಕಂತು ಮೊದಲ ಸೀಸನ್‌ನ ಒಂದು ಕಂತಿನ ಮರುಚಿತ್ರಣ: ತಮ್ಮದೇ ಹಳೆಯ ಕಥೆಯನ್ನು ತಾವೇ ಮತ್ತೆ ಮಾಡಿ, ಶೀರ್ಷಿಕೆಯಲ್ಲೇ ಸುಧಾರಣೆಯ ಆಶ್ವಾಸನೆ ಕೊಟ್ಟರು. ಇನ್ನೊಂದರಲ್ಲಿ ಇಬ್ಬರೂ ಊಟದ ಟ್ರಕ್ ನಡೆಸುತ್ತಾರೆ. ಒಂಬತ್ತನೆಯದು ಗಸ್‌ನ ದುಃಸ್ವಪ್ನಗಳ ಕಥೆ; ಅದರ ಹೆಸರು ಸಾಂಟಾ ಬಾರ್ಬರಾದ ಮುಖ್ಯ ರಸ್ತೆ ಸ್ಟೇಟ್ ಸ್ಟ್ರೀಟನ್ನು ಒಂದು ಪ್ರಸಿದ್ಧ ಹಾರರ್ ಚಿತ್ರದ ಹೆಸರಿಗೆ ಅಂಟಿಸಿ ಮಾಡಿದ್ದು. ಬೀಳ್ಕೊಡುಗೆಗೆ ಹತ್ತೇ ಕಂತು ಇರುವಾಗ ಇಷ್ಟೊಂದು ಅಡ್ಡದಾರಿ ಬೇಕಿತ್ತೇ ಎಂದು ಕೇಳಬಹುದು. ಅಡ್ಡದಾರಿಯೇ ಈ ಧಾರಾವಾಹಿಯ ಹೆದ್ದಾರಿಯಾಗಿತ್ತು ಎನ್ನದೆ ವಿಧಿಯಿಲ್ಲ.

ಅನಾನಸ್ಸಿನ ವಿಷಯ ಇಲ್ಲಿ ಹೇಳಲೇಬೇಕು. ಮೊದಲ ಕಂತಿನ ಚಿತ್ರೀಕರಣದಲ್ಲಿ ಫ್ರಿಜ್ ಮೇಲಿದ್ದ ಅನಾನಸ್ಸನ್ನು ರೋಡೇ ಸುಮ್ಮನೆ ಕೈಗೆತ್ತಿಕೊಂಡು, ದಾರಿಗೆ ಹೆಚ್ಚಿಕೊಳ್ಳಲೇ ಎಂದು ಕೇಳಿದರು. ಬರೆದಿಟ್ಟ ಮಾತಲ್ಲ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಪ್ರತಿ ಕಂತಿನಲ್ಲೂ ಎಲ್ಲೋ ಒಂದು ಕಡೆ ಅನಾನಸ್ಸನ್ನೋ ಅದರ ಚಿತ್ರವನ್ನೋ ಅಡಗಿಸಿಡುವುದು ರೂಢಿಯಾಯಿತು. ಅಭಿಮಾನಿಗಳಿಗೆ ಕೊಲೆಗಾರನಿಗಿಂತ ಮೊದಲು ಹಣ್ಣನ್ನು ಹುಡುಕುವ ಚಟ ಹತ್ತಿತು.

ಅಂತಿಮ ಕಂತಿನ ಹೆಸರು ‘ದಿ ಬ್ರೇಕ್-ಅಪ್’. ಠಾಣೆಯ ಮುಖ್ಯಸ್ಥೆ ಕ್ಯಾರನ್ ವಿಕ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದಾಳೆ, ಜೂಲಿಯೆಟ್ ಕೂಡ ಅವಳ ಹಿಂದೆಯೇ ಹೊರಟಿದ್ದಾಳೆ, ಲಾಸಿಟರ್ ಸಾಂಟಾ ಬಾರ್ಬರಾದ ಮುಖ್ಯಸ್ಥನಾಗಿದ್ದಾನೆ. ಶಾನ್‌ಗೂ ಊರು ಬಿಡಬೇಕು, ಆದರೆ ಗಸ್‌ಗೆ ಎದುರು ನಿಂತು ಹೇಳುವ ಧೈರ್ಯವಿಲ್ಲ. ವರ್ಷಗಟ್ಟಲೆ ಬಾಯಿ ಮುಚ್ಚದವನು ವಿದಾಯವನ್ನು ಡಿವಿಡಿಗಳಲ್ಲಿ ದಾಖಲಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಹೋಗುತ್ತಾನೆ.

ಇಡೀ ಸೀಸನ್‌ನ ಅತ್ಯುತ್ತಮ ನಿಮಿಷ ಲಾಸಿಟರ್‌ಗೆ ಬಂದ ಡಿವಿಡಿಯದು. ಅವನು ಅದನ್ನು ಒಬ್ಬನೇ ಕೂತು ನೋಡುತ್ತಾನೆ. ಪರದೆಯ ಮೇಲೆ ಶಾನ್ ಸುತ್ತಿ ಬಳಸಿ ಕೊನೆಗೆ ತಪ್ಪೊಪ್ಪಿಗೆಯ ಅಂಚಿಗೆ ಬರುತ್ತಾನೆ. ಆ ಒಂದು ವಾಕ್ಯಕ್ಕಾಗಿ ಲಾಸಿಟರ್ ಮೊದಲ ದಿನದಿಂದ ಕಾದಿದ್ದ. ವಾಕ್ಯ ಪೂರ್ತಿಯಾಗುವ ಮೊದಲೇ ಅವನು ಡಿವಿಡಿ ನಿಲ್ಲಿಸಿ, ಹೊರತೆಗೆದು, ಮುರಿದುಹಾಕುತ್ತಾನೆ. ಗೊತ್ತಿಲ್ಲದೆ ಇರುವುದನ್ನು ಅವನೇ ಆರಿಸಿಕೊಳ್ಳುತ್ತಾನೆ. ಹಾಗೆ ನೋಡಿದರೆ ಗೊತ್ತಾಗಿಯೇ ಇತ್ತು. ಕೇಳಿಬಿಟ್ಟರೆ ಅಧಿಕಾರಿಯಾಗಿ ಕ್ರಮ ಕೈಗೊಳ್ಳಬೇಕಾಗುತ್ತಿತ್ತು. ನಗೆಪಾಟಲಿಗೆ ಗುರಿಯಾಗುತ್ತ ಬಂದ ಪಾತ್ರಕ್ಕೆ ಸಿಕ್ಕ ಘನತೆ ಇದು, ಮತ್ತು ಶಾನ್‌ನ ಸುಳ್ಳಿಗೆ ಶಿಕ್ಷೆಯನ್ನೂ ಕೊಡದೆ ಸಮರ್ಥನೆಯನ್ನೂ ಕೊಡದೆ ಕಥೆಗಾರರು ಹುಡುಕಿದ ದಾರಿ.

ಗಸ್ ಕೊನೆಗೆ ಕೆಲಸ ಬಿಟ್ಟು ಗೆಳೆಯನ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಾನೆ. ಅಲ್ಲಿ ಅಪರಾಧ ನಡೆದ ಜಾಗದಲ್ಲೇ ಶಾನ್ ಜೂಲಿಯೆಟ್‌ಗೆ ಮದುವೆಯ ಪ್ರಸ್ತಾಪ ಇಡುತ್ತಾನೆ. ಉಂಗುರವನ್ನು ಕಳ್ಳನೊಬ್ಬ ಹಾರಿಸಿಕೊಂಡು ಹೋಗುತ್ತಾನೆ. ಬೆನ್ನಟ್ಟುತ್ತಲೇ ಧಾರಾವಾಹಿ ಮುಗಿಯುತ್ತದೆ. ಈ ನಗರ ಅದೇ ವಾಹಿನಿಯ ಹಿರಿಯಣ್ಣ, 2009ರಲ್ಲಿ ಮುಗಿದಿದ್ದ ‘ಮಂಕ್’ ಧಾರಾವಾಹಿಯ ನಾಯಕನ ಊರೂ ಹೌದು. ನಟ ವಾಲ್ ಕಿಲ್ಮರ್‌ರನ್ನು ಕರೆತರಬೇಕೆಂಬ ತಂಡದ ಹಳೆಯ ಹಂಬಲವೂ ಈ ಕಂತಿನಲ್ಲಿ ತೀರಿತು: ಬರೀ ಹೆಸರಷ್ಟೇ ಕೇಳಿಬರುತ್ತಿದ್ದ, ಯಾರೂ ಕಂಡಿರದ ಪತ್ತೇದಾರಿ ಡಾಬ್ಸನ್ ಆಗಿ ಅವರು ಕ್ಷಣಮಾತ್ರ ಕಾಣಿಸಿಕೊಂಡರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 2017ರ ಡಿಸೆಂಬರ್ 7ರಂದು ‘ಸೈಕ್: ದಿ ಮೂವಿ’ ಯುಎಸ್ಎ ವಾಹಿನಿಯಲ್ಲೇ ಬಂತು, ಶಾನ್ ಮತ್ತು ಜೂಲಿಯೆಟ್ ಮದುವೆಯಾದರು. ಅದೇ ವರ್ಷ ಓಮಂಡ್ಸನ್‌ಗೆ ಪಾರ್ಶ್ವವಾಯು ಹೊಡೆದಿದ್ದರಿಂದ ಲಾಸಿಟರ್ ಆ ಚಿತ್ರದಲ್ಲಿ ಸ್ವಲ್ಪವೇ ಹೊತ್ತು ಇದ್ದಾನೆ. 2020ರಲ್ಲಿ ಪೀಕಾಕ್ ಸ್ಟ್ರೀಮಿಂಗ್ ಸೇವೆಯಲ್ಲಿ ಬಂದ ಎರಡನೆಯ ಚಿತ್ರ ‘ಲಾಸಿ ಕಮ್ ಹೋಮ್’ ಪೂರ್ತಿ ಅವನ ಸುತ್ತಲೇ ಹೆಣೆದದ್ದು. ನಟನ ಚೇತರಿಕೆಯನ್ನೇ ಪಾತ್ರದ ಚೇತರಿಕೆಯನ್ನಾಗಿ ಬರೆದರು. ಮೂರನೆಯ ಚಿತ್ರ, ‘ದಿಸ್ ಈಸ್ ಗಸ್’, 2021ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು.