ಮಿಕ್ಸರ್ ಮನೆಗೆ ಬಂದ ಬಗೆ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ರಾತ್ರಿ ಭಜನೆಗೆ ಕೂತವರ ನಡುವೆ ಧ್ವನಿಯನ್ನು ಏರಿಸಿ ಇಳಿಸುವ ಯಂತ್ರ ಯಾವುದೂ ಇರುವುದಿಲ್ಲ. ಆದರೂ ಆ ಕೆಲಸ ನಡೆದೇ ಇರುತ್ತದೆ. ಪದದ ಮುಖ್ಯ ಮಾತು ಬರುವಾಗ ದಮ್ಮಡಿಯವನು ಕೈ ಸಡಿಲ ಬಿಡುತ್ತಾನೆ. ಹಿಮ್ಮೇಳದವರು ಪಲ್ಲವಿ ಎತ್ತಿಕೊಂಡ ಕೂಡಲೇ ತಾಳ ಗಟ್ಟಿಯಾಗುತ್ತದೆ. ಏಕತಾರಿ ಮಾತ್ರ ಎಲ್ಲಕ್ಕಿಂತ ಕೆಳಗೆ, ಮಿಡಿದದ್ದು ತಿಳಿಯದಷ್ಟು ಸಣ್ಣಗೆ, ಆದರೆ ತಪ್ಪದೆ ನುಡಿಯುತ್ತಿರುತ್ತದೆ. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರ, ಕೊಡೇಕಲ್ ಬಸವಣ್ಣ ಇವರ ನೆಲ ಇದು. ನೆರೆಯ ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯ ಚೆನ್ನೂರಿನ ಜಲಾಲ ಸಾಹೇಬ ಮೊದಲಾದವರ ತತ್ವಪದಗಳು ಕಾಗದಕ್ಕಿಂತ ಹೆಚ್ಚಾಗಿ ಕಂಠದಲ್ಲಿಯೇ ಉಳಿದು ಬಂದ ಸೀಮೆ. ಈಚಿನ ವರ್ಷಗಳಲ್ಲಿ ತತ್ವಪದಗಳ ಸಂಪುಟಗಳು ಅಚ್ಚಾಗಿವೆ. ಪದದ ಮಾತು ಸಿಕ್ಕಿದೆ. ಧಾಟಿ ಮಾತ್ರ ಅಚ್ಚಿಗೆ ಸಿಗುವಂಥದ್ದಲ್ಲ. ಅದಕ್ಕೆ ಧ್ವನಿಮುದ್ರಣವೊಂದೇ ದಾರಿ.

ಆ ದಾರಿ ಈಗ ಮನೆಯ ಒಳಕೋಣೆಗೇ ಬಂದು ಸೇರಿದೆ. ಎರಡು ಮೈಕು, ಒಂದು ಸಣ್ಣ ಮಿಕ್ಸರ್, ಒಂದು ಕಂಪ್ಯೂಟರ್, ಇವುಗಳ ನಡುವೆ ಒಂದು ತಂತಿ ಇಷ್ಟಿದ್ದರೆ ಹಾಡು ದಾಖಲಾಗುತ್ತದೆ. ಈ ಒಂದು ತಂತಿ ಮನೆಯೊಳಗೆ ಬರಲು ನೂರು ವರ್ಷವೇ ಹಿಡಿಯಿತು.

ಭಾರತದಲ್ಲಿ ಗ್ರಾಮಫೋನ್ ತಟ್ಟೆಗಾಗಿ ವ್ಯವಸ್ಥಿತ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮೇಣದ ತಟ್ಟೆಗೆ ಇಳಿಸಿಕೊಂಡ. ಇದೇ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲಿ. ಆಗ ಮೈಕೂ ಇರಲಿಲ್ಲ, ವಿದ್ಯುತ್ತೂ ಬೇಕಿರಲಿಲ್ಲ. ಗೋಡೆಯಿಂದ ಚಾಚಿಕೊಂಡ ದೊಡ್ಡ ತುತ್ತೂರಿಯೊಳಗೆ ಹಾಡಬೇಕು. ಅದರ ಕಂಪನವೇ ಸೂಜಿಯನ್ನು ಅಲುಗಾಡಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಯಾರ ದನಿ ಎಷ್ಟು ಕೇಳಬೇಕೆಂಬುದನ್ನು ತೀರ್ಮಾನಿಸುತ್ತಿದ್ದುದು ಅವರು ಕೂತ ಜಾಗ. ಹಾಡುವವರು ತುತ್ತೂರಿಯ ಬಾಯಿಗೇ ಮುಖ ಒಡ್ಡಬೇಕು, ಗಟ್ಟಿ ವಾದ್ಯದವರು ಹಿಂದೆ ಸರಿಯಬೇಕು. ಮನುಷ್ಯರನ್ನೇ ಅತ್ತಿತ್ತ ಸರಿಸಿ ಮಾಡುತ್ತಿದ್ದ ಈ ಹೊಂದಾಣಿಕೆಯೇ ಮೊದಲ ‘ಮಿಕ್ಸಿಂಗ್’. ಅದೂ ಮೂರು ನಿಮಿಷದ ಒಳಗೆ ಮುಗಿಯಬೇಕು. ಏಕತಾರಿಯಂಥ ಮೆಲುದನಿಯ ವಾದ್ಯಕ್ಕೆ ಆ ತುತ್ತೂರಿ ಕಿವುಡಾಗಿಯೇ ಇತ್ತೆನ್ನಬೇಕು.

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂತು. ಮೈಕು ದನಿಯನ್ನು ವಿದ್ಯುತ್ತಾಗಿ ಬದಲಿಸಿತು. ಒಂದಕ್ಕಿಂತ ಹೆಚ್ಚು ಮೈಕುಗಳ ವಿದ್ಯುತ್ತನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುವ ಪೆಟ್ಟಿಗೆ ಅಗತ್ಯವಾಯಿತು. ಮಿಕ್ಸರ್ ಬೆಳೆದದ್ದು ರೇಡಿಯೊ ಮತ್ತು ವಾಕ್ಚಿತ್ರಗಳ ಆಶ್ರಯದಲ್ಲಿ. ಕನ್ನಡದ ಮಟ್ಟಿಗೆ ಈ ಯಂತ್ರ ಬಹುಕಾಲ ಪರಊರಿನದು. 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರವಾದರೂ ತಯಾರಾದದ್ದು ಕೊಲ್ಹಾಪುರದಲ್ಲಿ. 1980ರ ದಶಕದಲ್ಲಿ ಶಂಕರನಾಗ್ ಸೋದರರು ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೊ ತೆರೆಯುವ ತನಕ ಚಿತ್ರಗೀತೆಗಳಲ್ಲಿ ಹೆಚ್ಚಿನವಕ್ಕೆ ಮದರಾಸಿನ ರೈಲು ಹತ್ತಲೇಬೇಕಿತ್ತು. ಇದಕ್ಕೆ ಒಂದು ಅಪವಾದವುಂಟು. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿಯೇ 30 ವಾಟ್‌ನ ಪ್ರಸಾರ ಯಂತ್ರ ಹೂಡಿ ‘ಆಕಾಶವಾಣಿ’ ಆರಂಭಿಸಿದರು. ಮನೆಯೂ ಸ್ಟುಡಿಯೊ ಆಗಬಹುದೆಂದು ಕನ್ನಡನಾಡಿಗೆ ತೋರಿಸಿದವರಲ್ಲಿ ಅವರು ಮೊದಲಿಗರು.

ಯಾದಗಿರಿ ಭಾಗ ಅಂದು ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನ ‘ಡೆಕ್ಕನ್ ರೇಡಿಯೊ’ ಆಕಾಶವಾಣಿಯೊಡನೆ ಕೂಡಿದ್ದು 1950ರಲ್ಲಿ. ಕಲಬುರಗಿಗೆ ತನ್ನದೇ ನಿಲಯ ದೊರೆತದ್ದು 1966ರಲ್ಲಿ. ಹಳ್ಳಿಯ ಪದಕಾರನಿಗೆ ಧ್ವನಿಮುದ್ರಣವೆಂದರೆ ಬಸ್ಸು ಹಿಡಿದು ನಿಲಯಕ್ಕೆ ಹೋಗಿ, ಗಾಜಿನ ಆಚೆ ಕೂತವರ ಸನ್ನೆ ನೋಡಿ ಹಾಡಿ, ಗಡಿಯಾರದ ಮುಳ್ಳಿನೊಳಗೆ ಮುಗಿಸಿ ಬರುವುದು.

ಇದನ್ನು ಮುರಿದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಅಂಗೈ ಅಗಲದ ಡಬ್ಬಿ ಭಾರತದ ಸಣ್ಣ ಊರುಗಳನ್ನು ನಿಜವಾಗಿ ಮುಟ್ಟಿದ್ದು 1980ರ ದಶಕದಲ್ಲಿ. ರೇಡಿಯೊ, ಟೇಪು ಎರಡೂ ಇರುವ ‘ಟೂ-ಇನ್-ಒನ್’ ಪೆಟ್ಟಿಗೆ ಭಜನೆಯ ನಡುವೆ ಬಂದು ಕೂತಿತು. 90 ನಿಮಿಷದ ಕ್ಯಾಸೆಟ್ಟಾದರೆ 45 ನಿಮಿಷಕ್ಕೊಮ್ಮೆ ಮಗುಚಿ ಹಾಕಿದರಾಯಿತು. ಮೂರು ನಿಮಿಷದ ಕಟ್ಟು ಹೋಯಿತು. ಆದರೆ ಆ ಪೆಟ್ಟಿಗೆಗೆ ಇದ್ದದ್ದು ಸಣ್ಣ ಕಿವಿ. ಹತ್ತಿರದ ತಾಳ ಅದಕ್ಕೆ ಗುಡುಗಿನಂತೆ, ದೂರದ ಮಾತು ಪಿಸುಮಾತಿನಂತೆ ಕೇಳುತ್ತಿತ್ತು. 1979ರಲ್ಲಿ ಜಪಾನಿನ ಟ್ಯಾಸ್ಕಾಮ್ ‘ಪೋರ್ಟಾಸ್ಟುಡಿಯೊ’ ಎಂಬ ಯಂತ್ರ ಹೊರಡಿಸಿ ಮಿಕ್ಸರನ್ನೂ ನಾಲ್ಕು ಪಟ್ಟಿಗಳ ಕ್ಯಾಸೆಟ್ ರೆಕಾರ್ಡರನ್ನೂ ಒಂದೇ ಮೈಯಲ್ಲಿ ಕೂಡಿಸಿತ್ತು. ಪಶ್ಚಿಮದ ಎಷ್ಟೋ ಗಾಯಕರು ಅದರಿಂದ ಮನೆಯಲ್ಲೇ ಹಾಡು ಕಟ್ಟಿದರು. ನಮ್ಮ ಕಡೆ ಜಾತ್ರೆ, ನಾಟಕ, ಮದುವೆಗೆ ಮೈಕ್ ಸೆಟ್ ಬಾಡಿಗೆ ಕೊಡುವವರ ಬಳಿ ಇದ್ದ ಮಿಕ್ಸರೇ ಜನ ಕಂಡ ಮಿಕ್ಸರ್.

ಕಂಪ್ಯೂಟರಿಗೆ ಕಿವಿ ಬಂದದ್ದು ಇನ್ನೂ ತಡವಾಗಿ. 1989ರಲ್ಲಿ ಬಂದ ‘ಸೌಂಡ್ ಬ್ಲಾಸ್ಟರ್’ ಮೊದಲಾದ ಸೌಂಡ್ ಕಾರ್ಡುಗಳು ಮುಖ್ಯವಾಗಿ ಆಟಗಳಿಗೆ ಸದ್ದು ಕೂಡಿಸಲು ಹುಟ್ಟಿದವು. ಆದರೆ ಅವುಗಳ ಬೆನ್ನಿನಲ್ಲಿ ದನಿ ಒಳಗೆ ಹೋಗುವ ತೂತೂ ಇತ್ತು. ಒಳಗೆ ಹೋದ ದನಿಯನ್ನು ಕಾರ್ಡು ಕ್ಷಣಕ್ಷಣಕ್ಕೂ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಸಿ.ಡಿ.ಯ ಗುಣಮಟ್ಟಕ್ಕೆ ಸೆಕೆಂಡಿಗೆ 44,100 ಸಲ ಅಳೆಯಬೇಕು. ಸ್ಟೀರಿಯೊದಲ್ಲಿ ಒಂದು ನಿಮಿಷದ ಹಾಡು ಸುಮಾರು 10 ಮೆಗಾಬೈಟ್ ಜಾಗ ತಿನ್ನುತ್ತದೆ. ಹಾರ್ಡ್ ಡಿಸ್ಕುಗಳು ಕೆಲವೇ ನೂರು ಮೆಗಾಬೈಟಿನವಾಗಿದ್ದಾಗ ಒಂದು ರಾತ್ರಿಯ ಭಜನೆ ಅದರಲ್ಲಿ ಹಿಡಿಯುವ ಮಾತೇ ಇರಲಿಲ್ಲ. ಡಿಸ್ಕು ಅಗ್ಗವಾಯಿತು. 2000ದಲ್ಲಿ ‘ಆಡಾಸಿಟಿ’ ಎಂಬ ತಂತ್ರಾಂಶ ಉಚಿತವಾಗಿ ಸಿಗತೊಡಗಿತು. ಉಳಿದದ್ದು ಮಿಕ್ಸರಿನಿಂದ ಕಂಪ್ಯೂಟರಿಗೆ ತಂತಿ ಎಳೆಯುವ ಕೆಲಸ.

ಕೇಳಲು ಸುಲಭ. ಮೊದಲ ಸಲ ಮಾಡಿದವರು ಎಡವುತ್ತಿದ್ದುದು ಇಲ್ಲಿಯೇ. ಕಂಪ್ಯೂಟರಿನ ಹಿಂಬದಿ ಗುಲಾಬಿ ಬಣ್ಣದ್ದೊಂದು, ನೀಲಿಯದೊಂದು ತೂತು ಇರುತ್ತವೆ. ಗುಲಾಬಿಯದು ಬರಿ ಮೈಕಿಗೆ; ಅದು ವೋಲ್ಟಿನ ಸಾವಿರದ ಕೆಲವು ಪಾಲಿನಷ್ಟು ಸಣ್ಣ ಸಂಕೇತವನ್ನು ನಿರೀಕ್ಷಿಸುತ್ತದೆ. ಮಿಕ್ಸರಿನಿಂದ ಹೊರಡುವುದು ಆಗಲೇ ನೂರಾರು ಪಟ್ಟು ಬೆಳೆದ ಸಂಕೇತ. ಅದನ್ನು ಗುಲಾಬಿಗೆ ಚುಚ್ಚಿದರೆ ದನಿ ಒಡೆದು ಕರ್ಕಶವಾಗುತ್ತದೆ. ಅದರ ಸ್ಥಾನ ನೀಲಿಯದು. ಅಲ್ಲಿಯೂ ಒಂದು ತೊಡಕು: ವೃತ್ತಿಪರ ಮಿಕ್ಸರಿನ ವಾಡಿಕೆಯ ಮಟ್ಟ ಸುಮಾರು 1.23 ವೋಲ್ಟ್, ಮನೆಬಳಕೆಯ ಉಪಕರಣದ್ದು ಸುಮಾರು 0.32 ವೋಲ್ಟ್. ನಾಲ್ಕು ಪಟ್ಟು ಅಂತರವನ್ನು ಮಿಕ್ಸರಿನ ಮುಖ್ಯ ಗುಂಡಿ ಇಳಿಸಿಯೇ ಸರಿದೂಗಿಸಬೇಕು. ಟೇಪಿನ ಕಾಲದವರಿಗೆ ಮುಳ್ಳು ಕೆಂಪು ಮುಟ್ಟಿದರೂ ಚಿಂತೆಯಿರಲಿಲ್ಲ, ಟೇಪು ಸ್ವಲ್ಪ ಸಹಿಸಿಕೊಳ್ಳುತ್ತಿತ್ತು. ಅಂಕಿಗೆ ಆ ಉದಾರತೆ ಇಲ್ಲ. ಮಿತಿ ದಾಟಿದ ಅಲೆಯ ತಲೆ ಕತ್ತರಿಸಿಯೇ ಹೋಗುತ್ತದೆ.

ಎರಡನೆಯ ಪೀಡೆ ಗುಂಯ್ ಎನ್ನುವ ಸದ್ದು. ಮಿಕ್ಸರು ಒಂದು ಪ್ಲಗ್ಗಿನಿಂದ, ಕಂಪ್ಯೂಟರು ಇನ್ನೊಂದು ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಪಡೆದಾಗ ಎರಡರ ಅರ್ತಿಂಗ್ ನಡುವೆ ಸಣ್ಣ ವ್ಯತ್ಯಾಸ ಉಳಿಯುತ್ತದೆ. ಅದು ದನಿಯ ತಂತಿಯ ಮೂಲಕವೇ ಹರಿದು ನಮ್ಮ ದೇಶದ ವಿದ್ಯುತ್ತಿನ 50 ಹರ್ಟ್ಸ್ ಕಂಪನ ಹಾಡಿನ ಕೆಳಗೆ ಶ್ರುತಿ ಹಿಡಿದಂತೆ ಕೂತುಬಿಡುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದರೆ ಬಹುಪಾಲು ಕಡಮೆಯಾದೀತು. ಅರ್ತಿಂಗಿನ ದಪ್ಪ ಕಡ್ಡಿ ತೆಗೆದುಹಾಕುವ ‘ಉಪಾಯ’ ಪ್ರಾಣಕ್ಕೆ ಎರವಾದೀತು. ಕರೆಂಟು ಹೋಗಿ ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆಯುವಾಗ ಈ ಸದ್ದು ಎಷ್ಟೋ ಸಲ ತಾನೇ ಮಾಯವಾಗುತ್ತದೆ. ಬೇಸಿಗೆಯ ಕರೆಂಟು ಕಡಿತದಿಂದ ಆದ ಲಾಭವೆಂದರೆ ಇದೊಂದೇ ಇರಬಹುದು. ಇನ್ನು ಕಂಪ್ಯೂಟರಿನಿಂದ ಹೊರಬಂದ ದನಿಯನ್ನು ಮಿಕ್ಸರಿನ ಸಾಮಾನ್ಯ ಚಾನೆಲ್ಲಿಗೆ ಮರಳಿ ಕೊಟ್ಟರೆ ಅದೇ ದನಿ ಮತ್ತೆ ಕಂಪ್ಯೂಟರಿಗೆ ಹೋಗಿ ಸುತ್ತಿ ಸುತ್ತಿ ಊಳಿಡುತ್ತದೆ. ಬರಿ ಕೇಳಲೆಂದೇ ಮಿಕ್ಸರಿನಲ್ಲಿ ಬಿಟ್ಟಿರುವ ಟೇಪ್ ದಾರಿಗೆ ಅದನ್ನು ತಿರುಗಿಸಬೇಕು.

1996ರಲ್ಲಿ ಯು.ಎಸ್.ಬಿ. ಬಂದ ಬಳಿಕ ಈ ತಾಪತ್ರಯಗಳು ಕ್ರಮೇಣ ತಗ್ಗಿದವು. ಸೌಂಡ್ ಕಾರ್ಡಿನ ಕೆಲಸ ಮಿಕ್ಸರಿನ ಹೊಟ್ಟೆಯೊಳಗೇ ಸೇರಿ ಒಂದೇ ತಂತಿ ಸಾಕಾಯಿತು. ಆದರೆ ಅಂಗಡಿಯವರು ಎತ್ತಿ ಹೇಳದ ಸಂಗತಿಯೊಂದಿದೆ. ಕಡಮೆ ಬೆಲೆಯ ಇಂಥ ಮಿಕ್ಸರುಗಳಲ್ಲಿ ಮೈಕು ಎಂಟಿದ್ದರೂ ಕಂಪ್ಯೂಟರಿಗೆ ಹೋಗುವುದು ಸಾಮಾನ್ಯವಾಗಿ ಎಡ, ಬಲ ಎಂಬ ಎರಡೇ ಪಟ್ಟಿ. ಬೆರೆತದ್ದು ಬೆರೆಯಿತು, ತಾಳ ಜಾಸ್ತಿಯಾಯಿತೆಂದು ಮರುದಿನ ಬೇರ್ಪಡಿಸಲು ಬಾರದು. ಗೈಸ್‌ಬರ್ಗನ ತುತ್ತೂರಿಯ ಮುಂದಿದ್ದ ಕಷ್ಟವೇ ಇದು, ವೇಷ ಮಾತ್ರ ಬೇರೆ.

ಇದಕ್ಕೆ ಮದ್ದಾಗಿ ಒಂದೊಂದು ಮೈಕನ್ನೂ ಬೇರೆ ಪಟ್ಟಿಯಲ್ಲಿ ದಾಖಲಿಸುವ ಉಪಕರಣಗಳಿವೆ. ಅಮೆರಿಕದ ಲೆಸ್ ಪಾಲ್ ಎಂಬ ಗಿಟಾರ್ ವಾದಕ 1957ರಲ್ಲಿ ಎಂಟು ಪಟ್ಟಿಗಳ ಟೇಪ್ ಯಂತ್ರವನ್ನು ಮನೆಗೆ ತರಿಸಿಕೊಂಡಿದ್ದ. ಇಂದು ಅದಕ್ಕಿಂತ ಹೆಚ್ಚಿನ ಪಟ್ಟಿಗಳು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಸಿಗುತ್ತವೆ. ಅನುಕೂಲ ಹೆಚ್ಚಿದಂತೆ ಆಸೆಯೂ ಹೆಚ್ಚುತ್ತದೆ. ಮೊದಲು ಕೀಬೋರ್ಡಿನ ತಾಳ ಹಾಕಿಟ್ಟು, ಪದಕಾರನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಒಬ್ಬನನ್ನೇ ಹಾಡಿಸಿ, ಹಿಮ್ಮೇಳವನ್ನು ಇನ್ನೊಂದು ದಿನ ಅಂಟಿಸುವ ರೂಢಿ ಬೆಳೆಯುತ್ತದೆ. ಸಿನಿಮಾ ಹಾಡಿಗೆ ಇದು ತಕ್ಕುದು. ತತ್ವಪದಕ್ಕಲ್ಲ. ಅಲ್ಲಿ ಲಯ ಯಂತ್ರದ ಲೆಕ್ಕದ್ದಲ್ಲ. ಅರ್ಥ ಬಿಡಿಸಬೇಕಾದಲ್ಲಿ ತುಸು ನಿಂತು, ಪಲ್ಲವಿಯಲ್ಲಿ ತುಸು ಓಡುತ್ತದೆ. ದಮ್ಮಡಿಯವನು ಹಾಡುವವನ ಮುಖ ನೋಡಿ ಬಾರಿಸಬೇಕು. ಆದ್ದರಿಂದ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಏಕತಾರಿಯ ಬುರುಡೆಗೆ ಒಂದು ಮೈಕು, ಹಾಡುವವನಿಗೆ ಒಂದು, ಹಿಮ್ಮೇಳದಿಂದ ತುಸು ದೂರಕ್ಕೆ ಒಂದು ಇಟ್ಟು, ದನಿಗಳು ಒಂದರಲ್ಲೊಂದು ಸೋರಿದರೂ ಸರಿಯೆಂದು ದಾಖಲಿಸುವುದೇ ಇಲ್ಲಿ ವಿವೇಕ.

ಇದಕ್ಕಿಂತ ಅವಸರದ ಕೆಲಸ ಮನೆಗಳ ಟ್ರಂಕಿನಲ್ಲಿ ಉಳಿದಿರುವ ಹಳೆಯ ಕ್ಯಾಸೆಟ್ಟುಗಳದು. ಈಗ ಇಲ್ಲದ ಪದಕಾರರ ದನಿ ಕೆಲವದರಲ್ಲಿ ಮಾತ್ರ ಉಳಿದಿರಬಹುದು. ಟೇಪಿಗೆ ಬೂಷ್ಟು ಹಿಡಿಯುತ್ತದೆ, ಅಂಟುತ್ತದೆ, ಸುರುಳಿಯ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಅಚ್ಚೊತ್ತಿ ಮಾತಿಗೆ ಮೊದಲೇ ಮಾತಿನ ನೆರಳು ಕೇಳಿಸುತ್ತದೆ. ನಡೆಯುವ ಸ್ಥಿತಿಯ ಟೇಪ್ ಡೆಕ್ಕುಗಳೂ ಅಪರೂಪವಾಗುತ್ತಿವೆ. ಡೆಕ್ಕಿನ ಹಿಂಬದಿಯ ಎರಡು ತಂತಿ ಮಿಕ್ಸರಿಗೆ, ಮಿಕ್ಸರಿನದು ಕಂಪ್ಯೂಟರಿಗೆ ಕೊಟ್ಟು, ಹೆಡ್ ಸ್ವಚ್ಛಮಾಡಿ, ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ ಸಡಿಲಿಸಿ, ಆಮೇಲೆ ನುಡಿಸಬೇಕು. ತೀರಾ ಹಾಳಾದ ಟೇಪು ಒಮ್ಮೆ ಮಾತ್ರ ಸರಿಯಾಗಿ ನುಡಿಯಬಹುದು. ಆ ಒಂದು ಸಲಕ್ಕೆ ಮೊದಲೇ ಮಟ್ಟ ಹೊಂದಿಸಿ, ರೆಕಾರ್ಡಿನ ಗುಂಡಿ ಒತ್ತಿರಬೇಕು.