ಮೂಕಿಭಾರ

ಚಕ್ರದ ಮೇಲಿನ ಮನೆಯನ್ನು ಹಿಂದೆ ಕಟ್ಟಿಕೊಂಡು ಊರೂರು ತಿರುಗಬೇಕು ಅನ್ನುವವರು ಮೊದಲು ಕೇಳೋದು ಒಂದೇ: ಯಾವ ಪಿಕಪ್ ತಗೊಳ್ಳೋದು, ಎಷ್ಟು ಹಾರ್ಸ್‌ಪವರ್ ಬೇಕು? ಕರ್ಕಿಯವರಿಗೆ ಈ ಪ್ರಶ್ನೆ ಹಳೆಯದೇ. ಒಂದು ಕಡೆ ಕುಮಟೆ, ಇನ್ನೊಂದು ಕಡೆ ಹೊನ್ನಾವರ, ಮೂಡಲಿಗೆ ಘಟ್ಟ. ಮೇಲಿನ ಸರಕು ಕಡಲಿಗೆ ಇಳಿಯಬೇಕು, ಇಲ್ಲಿನ ಉಪ್ಪು ಮೇಲೆ ಹತ್ತಬೇಕು. ಹೊರೋದೋ ಎಳೆಯೋದೋ ಅನ್ನುವುದೇ ಈ ಸೀಮೆಯ ಲೆಕ್ಕ.

ಮೊದಲು ಇದ್ದದ್ದು ಹೇರೆತ್ತು. ಕಾಲುದಾರಿ ಇದ್ದರೆ ಸಾಕು, ಆದರೆ ಬೆನ್ನು ತಾಳುವಷ್ಟೇ ಹೊರೆ. ಘಟ್ಟಕ್ಕೆ ಗಾಡಿರಸ್ತೆ ಆದ ಮೇಲೆ ಎತ್ತು ಹೊರುವ ಬದಲು ಎಳೆಯತೊಡಗಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಅದು ಕುಮಟೆ ಬಂದರಿನಿಂದ ಹಡಗೇರುತ್ತಿತ್ತು. ವ್ಯಾಪಾರಿಗಳ ಬಾಯಲ್ಲಿ ಆ ಹತ್ತಿಯ ಹೆಸರೇ ‘ಕುಂಪ್ಟಾ’. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಹತ್ತಿಯ ಹಿತ ಇತ್ತು.

ಗಾಡಿ ಬಂದಾಗ ಹೊಸ ಲೆಕ್ಕವೂ ಬಂತು. ಎತ್ತಿಗೆ ಎಳೆಯುವ ಶಕ್ತಿ ಇದ್ದರೆ ಸಾಲದು. ಮೂಕಿಯ ಭಾರ ನೊಗದ ಮೇಲೆ ಎಷ್ಟು ಕೂರುತ್ತದೆ ಅಂತ ನೋಡಬೇಕು. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣು. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಅದಕ್ಕೇ ಗಾಡಿ ಹೊಡೆಯುವವನು ಮೂಟೆಗಳನ್ನು ಅಚ್ಚಿನ ಹಿಂದೆ ಮುಂದೆ ಸರಿಸಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿಯೇ ಎತ್ತು ಕಟ್ಟೋದು.

ಟ್ರೇಲರಿಗೂ ಇದೇ ಲೆಕ್ಕ. ಸಾಮಾನು, ನೀರು ತುಂಬಿದ ಟ್ರೇಲರಿನ ತೂಕದಲ್ಲಿ ಸುಮಾರು 10ರಿಂದ 15 ಶೇಕಡಾ ಪಿಕಪ್ಪಿನ ಕೊಕ್ಕೆಯ ಮೇಲೆ ಕೂರಬೇಕು. 1,500 ಕಿಲೋ ಟ್ರೇಲರಾದರೆ 150ರಿಂದ 225 ಕಿಲೋ. ಕಡಿಮೆಯಾದರೆ ವೇಗದಲ್ಲಿ ಟ್ರೇಲರು ಬಾಲ ಅಲ್ಲಾಡಿಸುತ್ತದೆ. ಹೆಚ್ಚಾದರೆ ಪಿಕಪ್ಪಿನ ಹಿಂಬದಿ ಕುಸಿದು, ಮುಂದಿನ ಚಕ್ರ ಹಗುರಾಗಿ, ಸ್ಟೇರಿಂಗ್ ಮಾತು ಕೇಳುವುದಿಲ್ಲ. ಈ ಭಾರವೂ ಪಿಕಪ್ ಹೊರುವ ಹೊರೆಯ ಲೆಕ್ಕಕ್ಕೇ ಸೇರುತ್ತದೆ. ಅದರ ಮೇಲೆ ಕೂತವರು ನಾಲ್ಕು ಜನ, ಡಿಕ್ಕಿಯ ಚೀಲ, ಗ್ಯಾಸ್ ಸಿಲಿಂಡರು. ಎಳೆಯುವ ಶಕ್ತಿ ಉಳಿದಿರುವಾಗಲೇ ಹೊರುವ ಶಕ್ತಿ ಮುಗಿದುಹೋಗಬಹುದು.

ಇನ್ನು ಘಟ್ಟ. ಹತ್ತುವಾಗ ಇಂಜಿನ್ ಸೋತರೆ ಗಾಡಿ ನಿಧಾನ ಆಗ್ತದೆ, ಅಷ್ಟೇ. ದೇವಿಮನೆ ಘಟ್ಟವನ್ನೋ ಗೇರುಸೊಪ್ಪೆ ಘಟ್ಟವನ್ನೋ ಇಳಿಯುವಾಗ ಎಳೆಯೋನನ್ನು ಹಿಂದಿನದೇ ದೂಡುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ಮರದ ತುಂಡು ಒತ್ತಿ ತಡೆಯುತ್ತಿದ್ದದ್ದು ಅದಕ್ಕೇ. ಟ್ರೇಲರಿಗೆ ಅದರದ್ದೇ ಬ್ರೇಕು ಇರಬೇಕು, ಪಿಕಪ್ಪನ್ನು ಸಣ್ಣ ಗೇರಿನಲ್ಲೇ ಇಳಿಸಬೇಕು.

1880ರ ದಶಕದ ಕೊನೆಗೆ ರೈಲು ಘಟ್ಟ ಇಳಿದು ಮರ್ಮಗೋವಾ ಬಂದರು ಮುಟ್ಟಿತು. ಧಾರವಾಡದ ಹತ್ತಿ ಆ ಕಡೆ ತಿರುಗಿತು, ಕುಮಟೆ ಬಂದರು ಸೊರಗಿತು. ಗಾಡಿಗಳು ಹೋದವು, ಘಟ್ಟದ ಇಳಿಜಾರು ಹಾಗೇ ಇದೆ. ಹಾಗಾಗಿ ಶೋರೂಮಿಗೆ ಹೋಗುವ ಮೊದಲು ಟ್ರೇಲರನ್ನು ಪೂರ್ತಿ ತುಂಬಿ ತೂಕದ ಕಟ್ಟೆಗೆ ಒಯ್ಯಿರಿ, ಮೂಕಿಭಾರವನ್ನು ಬೇರೆಯಾಗಿ ತೂಗಿಸಿ. ಆ ಎರಡು ಅಂಕಿ ಚೀಟಿಯಲ್ಲಿ ಬರೆದುಕೊಂಡು ಹೋದರೆ, ಯಾವ ಪಿಕಪ್ ಬೇಡ ಅನ್ನೋದು ತಾನಾಗೇ ಗೊತ್ತಾಗ್ತದೆ.