ಕಡಲಾಚೆ ಹೋದ ಜೂಬಿಲಿ ಗಾಯಕರು

ನೀವು ಓದುತ್ತಿರುವ ಕಾಲೇಜು ಸಾಲದಲ್ಲಿ ಮುಳುಗಿದೆ, ಮರದ ಗೋಡೆಗಳ ಸಂದಿಯಿಂದ ಚಳಿಗಾಳಿ ಒಳನುಗ್ಗುತ್ತಿದೆ, ಇನ್ನು ಕೆಲವೇ ತಿಂಗಳಲ್ಲಿ ಬಾಗಿಲಿಗೆ ಬೀಗ ಬೀಳಬಹುದು ಎಂದು ಕಲ್ಪಿಸಿಕೊಳ್ಳಿ. ಆಗ ನಿಮ್ಮ ಅಧ್ಯಾಪಕರೊಬ್ಬರು, ಊರೂರು ಸುತ್ತಿ ಹಾಡಿ ಹಣ ತರೋಣ, ಹೊರಡಿ ಎಂದರೆ ನೀವು ಹೊರಡುವಿರಾ? 1871ರ ಅಕ್ಟೋಬರ್ 6ರಂದು ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದಿಂದ ಒಂಬತ್ತು ಮಂದಿ ಯುವಕ ಯುವತಿಯರು ಹೀಗೆಯೇ ಹೊರಟರು. ಅವರಲ್ಲಿ ಹೆಚ್ಚಿನವರು ಹುಟ್ಟಿದ್ದು ಗುಲಾಮರಾಗಿ.

ಅವರ ವಿದ್ಯಾಸಂಸ್ಥೆಯ ಹೆಸರು ಫಿಸ್ಕ್ ವಿಶ್ವವಿದ್ಯಾಲಯ. ಹೆಸರು ದೊಡ್ಡದಾದರೂ ಇದ್ದದ್ದು ಅಂತರ್ಯುದ್ಧದ ಕಾಲದಲ್ಲಿ ಸೈನಿಕರ ಆಸ್ಪತ್ರೆಯಾಗಿದ್ದ ಹಳೆಯ ಮರದ ಕಟ್ಟಡಗಳು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರಿಗೆ ಅಕ್ಷರ ಕಲಿಸಲೆಂದು ಅಮೆರಿಕನ್ ಮಿಷನರಿ ಅಸೋಸಿಯೇಷನ್ ಎಂಬ ಕ್ರೈಸ್ತ ಸಂಸ್ಥೆ 1866ರಲ್ಲಿ ಅದನ್ನು ತೆರೆದಿತ್ತು. ಊರಿನಲ್ಲಿ ಗುಲಾಮರನ್ನು ಮಾರುತ್ತಿದ್ದ ಅಂಗಳದಿಂದ ತುಕ್ಕು ಹಿಡಿದ ಬೇಡಿ ಸಂಕೋಲೆಗಳನ್ನು ಆಯ್ದು, ಗುಜರಿಗೆ ಮಾರಿ, ಆ ಹಣದಲ್ಲಿ ಕಾಗುಣಿತದ ಪುಸ್ತಕಗಳನ್ನು ಕೊಂಡೆವೆಂದು ತಂಡದ ಪಿಯಾನೋ ವಾದಕಿ ಎಲಾ ಶೆಪರ್ಡ್ ಬರೆದಿಟ್ಟಿದ್ದಾರೆ. 1851ರಲ್ಲಿ ಗುಲಾಮಳಾಗಿ ಹುಟ್ಟಿದ ಆಕೆಯ ಬಿಡುಗಡೆಗೆ ತಂದೆ ತೆತ್ತ ಬೆಲೆ 350 ಡಾಲರ್. ತಾಯಿಯನ್ನು ಬಿಡಿಸಿಕೊಳ್ಳಲು ಮಾತ್ರ ಅವರಿಂದಾಗಲಿಲ್ಲ.

ತಂಡವನ್ನು ಕಟ್ಟಿದವರು ಸಂಸ್ಥೆಯ ಖಜಾಂಚಿಯೂ ಸಂಗೀತದ ಮೇಷ್ಟರೂ ಆಗಿದ್ದ ಜಾರ್ಜ್ ವೈಟ್ ಎಂಬ ಬಿಳಿಯರು. ಮೊದಲ ದಿನಗಳಲ್ಲಿ ಅವರು ಹಾಡುತ್ತಿದ್ದುದು ಬಹುಮಟ್ಟಿಗೆ ಬಿಳಿಯರ ಸಭೆಗಳಲ್ಲಿ ರೂಢಿಯಲ್ಲಿದ್ದ ಹಾಡುಗಳನ್ನು. ಗುಲಾಮರ ಭಕ್ತಿಗೀತೆಗಳನ್ನು ವೇದಿಕೆಗೆ ತರಲು ಆ ಹುಡುಗರಿಗೇ ಮನಸ್ಸಿರಲಿಲ್ಲ. ಅವು ಅವರ ತಂದೆತಾಯಿಗಳಿಗೆ ಪವಿತ್ರವಾದವು. ಬಾಗಿಲು ಹಾಕಿಕೊಂಡು ತಮ್ಮತಮ್ಮಲ್ಲೇ ಹಾಡಿಕೊಳ್ಳುವಂಥವು. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕುಳಿತು ತಮ್ಮ ಸಂಕಟಕ್ಕೆ ತಾವೇ ಹಾಡಿಕೊಂಡ ಪದಗಳನ್ನು ಟಿಕೆಟ್ ಕೊಂಡು ಬಂದವರ ಮುಂದೆ ಹಾಡಿ ಎಂದರೆ ಹೇಗನಿಸೀತು, ಯೋಚಿಸಿ. ಸಾಲದ್ದಕ್ಕೆ, ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಕಪ್ಪು ಜನರನ್ನು ಅಣಕಿಸುವ ಆಟಗಳೇ ಅಂದಿನ ಅಮೆರಿಕದಲ್ಲಿ ಜನಪ್ರಿಯ ಮನರಂಜನೆಯಾಗಿದ್ದವು. ತಮ್ಮ ಹಾಡಿಗೂ ಜನ ನಕ್ಕುಬಿಟ್ಟರೆ?

ಆ ವರ್ಷದ ನವೆಂಬರಿನಲ್ಲಿ ಓಬರ್ಲಿನ್ ಎಂಬಲ್ಲಿ ಪಾದ್ರಿಗಳ ಒಂದು ದೊಡ್ಡ ಸಭೆಯ ಮುಂದೆ ಅವರು 'ಸ್ಟೀಲ್ ಅವೇ' ಎಂಬ ಗುಲಾಮರ ಹಾಡನ್ನು ಮೆಲುದನಿಯಲ್ಲಿ ಎತ್ತಿಕೊಂಡರು. ಯಾರೂ ನಗಲಿಲ್ಲ. ಅಲ್ಲಿಂದ ತಂಡದ ದಿಕ್ಕೇ ಬದಲಾಯಿತು. ಐವತ್ತನೆಯ ವರ್ಷ ದಾಸರೆಲ್ಲ ಬಿಡುಗಡೆ ಹೊಂದುವರೆಂದು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹೇಳಿದೆ. ಅದಕ್ಕೆ ಜೂಬಿಲಿ ವರ್ಷ ಎಂದು ಹೆಸರು. ವೈಟ್ ತಂಡಕ್ಕೆ ಇಟ್ಟ 'ಜೂಬಿಲಿ ಗಾಯಕರು' ಎಂಬ ಹೆಸರಿನ ಮೂಲ ಅದೇ. 1872ರಲ್ಲಿ ಅಧ್ಯಕ್ಷ ಗ್ರಾಂಟರ ಮುಂದೆ ಹಾಡಿದರು. ಮೊದಲ ಪ್ರವಾಸದಿಂದ 20,000 ಡಾಲರ್ ಕೂಡಿತು. ಅದೇ ಪ್ರವಾಸದಲ್ಲಿ, ಬಣ್ಣದ ಕಾರಣಕ್ಕೆ ಹೋಟೆಲುಗಳಿಂದ ಹೊರಗಟ್ಟಿಸಿಕೊಂಡದ್ದೂ ಆಯಿತು.

1873ರ ಏಪ್ರಿಲ್‌ನಲ್ಲಿ ಅವರು ಇಂಗ್ಲೆಂಡಿಗೆ ಹಡಗು ಹತ್ತಿದರು. ಹತ್ತಿದರು ಎನ್ನುವುದು ಸುಲಭ. ಹಲವು ಹಡಗು ಕಂಪನಿಗಳು ಅವರಿಗೆ ಕ್ಯಾಬಿನ್ ಕೊಡಲು ಒಪ್ಪದೆ ಬಹಳ ಅಲೆದಾಡಬೇಕಾಯಿತು. ಲಂಡನ್ನಿನಲ್ಲಿ ಮಾತ್ರ ಬೇರೆಯೇ ಸ್ವಾಗತ. ಬಿಡುಗಡೆ ಹೊಂದಿದ ಗುಲಾಮರಿಗೆ ನೆರವಾಗಲು ಅಲ್ಲೊಂದು ಸಂಘವಿತ್ತು. ಅದರ ಅಧ್ಯಕ್ಷರಾದ ಲಾರ್ಡ್ ಶಾಫ್ಟ್ಸ್‌ಬರಿ ಮೇ 6ರಂದು ಗಣ್ಯರ ಸಭೆ ಕರೆದು ತಂಡವನ್ನು ಪರಿಚಯಿಸಿದರು. ಮರುದಿನವೇ ಆರ್ಗೈಲ್ ಡ್ಯೂಕರ ಮನೆಯಲ್ಲಿ ವಿಕ್ಟೋರಿಯಾ ರಾಣಿಯ ಎದುರು ಹಾಡು. ಜುಲೈಯಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಅವರನ್ನು ಮನೆಗೆ ಕರೆದು ಅತಿಥಿಗಳ ನಡುವೆ ಊಟಕ್ಕೆ ಕೂರಿಸಿದರು. ನನ್ನನ್ನು ಕೇಳಿದರೆ, ರಾಣಿಯ ಮುಂದೆ ಹಾಡಿದ್ದಕ್ಕಿಂತ ಆ ಊಟವೇ ದೊಡ್ಡ ಸಂಗತಿ. ತಾಯ್ನಾಡಿನಲ್ಲಿ ಅವರೊಡನೆ ಒಂದೇ ಮೇಜಿಗೆ ಕೂರುವ ಬಿಳಿಯರು ಎಷ್ಟು ಮಂದಿ ಇದ್ದರು?

ಈ ಸ್ನೇಹದ ಹಿಂದೆ ಒಂದು ಲೆಕ್ಕವೂ ಇತ್ತು ಎಂಬುದನ್ನು ಮರೆಯಬಾರದು. ಫಿಸ್ಕ್‌ನಲ್ಲಿ ಕಲಿತವರು ಮುಂದೆ ಆಫ್ರಿಕಕ್ಕೆ ಮಿಷನರಿಗಳಾಗಿ ಹೋಗುತ್ತಾರೆ ಎಂಬ ನಿರೀಕ್ಷೆಯಿಂದ ಹಣ ಕೊಟ್ಟ ಬ್ರಿಟಿಷರು ಬಹಳ. 1882ರಲ್ಲಿ ಎದ್ದ ಅಲ್ಲಿನ ಇನ್ನೊಂದು ಕಟ್ಟಡಕ್ಕೆ ಡೇವಿಡ್ ಲಿವಿಂಗ್‌ಸ್ಟನ್ನರ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹೊಗಳುವವರೂ ಗಾಯಕರನ್ನು ಕುತೂಹಲದ ವಸ್ತುವಿನಂತೆ ನೋಡಿದ್ದುಂಟು. ಆದರೂ ಒಂದೇ ವರ್ಷದಲ್ಲಿ ಸುಮಾರು 10,000 ಪೌಂಡು ಕೂಡಿತು. ಆ ಹಣದಿಂದ ಎದ್ದ ಜೂಬಿಲಿ ಹಾಲ್ 1876ರ ಜನವರಿ 1ರಂದು ತೆರೆಯಿತು, ಇಂದಿಗೂ ನಿಂತಿದೆ. 1875ರಿಂದ 1878ರವರೆಗೆ ಮತ್ತೆ ಬ್ರಿಟನ್, ಹಾಲೆಂಡ್, ಜರ್ಮನಿ. ಏಳು ವರ್ಷಗಳ ಒಟ್ಟು ಗಳಿಕೆ ಸುಮಾರು 1,50,000 ಡಾಲರ್. ಬೆಲೆ ತೆತ್ತವರು ಗಾಯಕರು. ಬಿಡುವಿಲ್ಲದ ಕಛೇರಿಗಳು ಅವರ ಆರೋಗ್ಯವನ್ನು ಹಾಳುಮಾಡಿದವು. ಯಾವ ಕಾಲೇಜನ್ನು ಉಳಿಸಲು ಹೊರಟರೋ ಅಲ್ಲಿ ತಮ್ಮ ಓದನ್ನು ಪೂರೈಸಲು ಅವರಲ್ಲಿ ಹಲವರಿಗೆ ಸಾಧ್ಯವಾಗಲಿಲ್ಲ.

ಕೆಲವರು ಹಿಂದಿರುಗಲೇ ಇಲ್ಲ. ಐಸಾಕ್ ಡಿಕರ್ಸನ್ ಎಡಿನ್‌ಬರೋದಲ್ಲಿ ಓದಿ ಇಂಗ್ಲೆಂಡಿನಲ್ಲೇ ಬೋಧಕರಾಗಿ ಉಳಿದರು. ಥಾಮಸ್ ರಟ್ಲಿಂಗ್ ಹ್ಯಾರೊಗೇಟ್ ಎಂಬ ಊರಿನಲ್ಲಿ ನೆಲೆಸಿ ಸಂಗೀತ ಕಲಿಸಿದರು.

ಇನ್ನು ಕಥೆಯ ಎರಡನೆಯ ಭಾಗ. ಒಂದು ಭೂಪಟವಿದ್ದರೆ ಎದುರಿಗಿಟ್ಟುಕೊಳ್ಳಿ. 1878ರಲ್ಲಿ ಹಳೆಯ ತಂಡ ಚದುರಿದ ಮೇಲೆ ಅದರಲ್ಲಿ ಹಾಡಿದ್ದ ಫ್ರೆಡರಿಕ್ ಲೌಡಿನ್ ಎಂಬುವರು ಜೂಬಿಲಿ ಹೆಸರಿನಲ್ಲೇ ತಮ್ಮದೊಂದು ತಂಡ ಕಟ್ಟಿದರು. 1884ರಲ್ಲಿ ಹೊರಟ ಅವರ ಪ್ರವಾಸ ಆರು ವರ್ಷ ನಡೆದು, ಭಾರತ, ಜಪಾನುಗಳನ್ನೂ ಮುಟ್ಟಿತು. 1886ರಲ್ಲಿ ತಂಡ ಆಸ್ಟ್ರೇಲಿಯದಲ್ಲಿತ್ತು. ಅಲ್ಲಿ ಮರ್ರೆ ನದಿಯ ದಡದಲ್ಲಿ, ನೆಲ ಕಳೆದುಕೊಂಡ ಮೂಲನಿವಾಸಿಗಳಿಗಾಗಿ ಡೇನಿಯಲ್ ಮ್ಯಾಥ್ಯೂಸ್ ದಂಪತಿಗಳು ನಡೆಸುತ್ತಿದ್ದ ಮಲೋಗ ಎಂಬ ಮಿಷನ್ ಕೇಂದ್ರವಿತ್ತು. ಅವರ ಕರೆಯ ಮೇರೆಗೆ ಆಗಸ್ಟ್ ತಿಂಗಳಲ್ಲಿ ಗಾಯಕರು ಅಲ್ಲಿಗೆ ಹೋಗಿ ಹಾಡಿದರು. ಅಲ್ಲಿ ಡ್ಯೂಕರಿರಲಿಲ್ಲ, ಪೌಂಡುಗಳೂ ಇರಲಿಲ್ಲ.

ಅಲ್ಲಿನ ಶಾಲೆಯ ಮೇಷ್ಟರ ಹೆಸರು ಥಾಮಸ್ ಶಾದ್ರಕ್ ಜೇಮ್ಸ್. ಮಾರಿಷಸ್‌ನಲ್ಲಿ ಹುಟ್ಟಿದವರು, ಅವರ ಹಿರಿಯರು ನಮ್ಮ ನೆರೆಯ ಮದ್ರಾಸಿನ ಕಡೆಯವರು. ಇಂಥದೊಂದು ಕೊಂಡಿ ಅಷ್ಟು ದೂರದಲ್ಲಿ ಸಿಕ್ಕಾಗ ಸಂತೋಷವಾಗದಿರದು. ಜೂಬಿಲಿ ಗಾಯಕರ ಹಾಡುಗಳಲ್ಲಿ ಫೇರೋ ದೊರೆಯ ಸೈನ್ಯ ಕೆಂಪು ಸಮುದ್ರದಲ್ಲಿ ಮುಳುಗಿದ ಕಥೆಯ 'ಟರ್ನ್ ಬ್ಯಾಕ್ ಫೇರೋಸ್ ಆರ್ಮಿ' ಎಂಬುದೂ ಒಂದು. ಜೇಮ್ಸ್ ಅಲ್ಲಿಯವರ ನೆರವಿನಿಂದ ಅದನ್ನು ಯೊರ್ಟಾ ಯೊರ್ಟಾ ಭಾಷೆಗೆ ತಂದರು. ಈಜಿಪ್ಟಿನಲ್ಲಿ ದಾಸರಾಗಿದ್ದ ಇಸ್ರೇಲಿಯರ ಕಥೆಯಲ್ಲಿ ಅಮೆರಿಕದ ಗುಲಾಮರು ತಮ್ಮನ್ನು ಕಂಡುಕೊಂಡಿದ್ದರು. ಮರ್ರೆ ತೀರದವರಿಗೂ ಫೇರೋ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡೇ ವರ್ಷಗಳಲ್ಲಿ ಆ ಜನರೂ ಶಾಲೆಯೂ ಹತ್ತಿರದ ಕಮರಗುಂಜಕ್ಕೆ ಸ್ಥಳಾಂತರವಾದವು. ಜೇಮ್ಸರ ಕೈಕೆಳಗೆ ಅಕ್ಷರ ಕಲಿತವರಲ್ಲಿ ಮೂಲನಿವಾಸಿಗಳ ಹಕ್ಕಿಗಾಗಿ ಬ್ರಿಟಿಷ್ ದೊರೆಗೆ ಮನವಿ ಸಿದ್ಧಪಡಿಸಿದ ವಿಲಿಯಂ ಕೂಪರ್ ಒಬ್ಬರು. 1939ರಲ್ಲಿ ಅಲ್ಲಿನ ಆಡಳಿತದ ದಬ್ಬಾಳಿಕೆಯನ್ನು ಪ್ರತಿಭಟಿಸಿ ನೂರಕ್ಕೂ ಹೆಚ್ಚು ಜನ ಕಮರಗುಂಜವನ್ನು ತೊರೆದು, ನದಿ ದಾಟಿ ಹೊರನಡೆದರು. ಹಾಡು ಅವರ ಮನೆಗಳಲ್ಲಿ ಬಾಯಿಂದ ಬಾಯಿಗೆ ಉಳಿಯಿತು. 2012ರಲ್ಲಿ ಬಂದ 'ದ ಸಫೈರ್ಸ್' ಎಂಬ ಆಸ್ಟ್ರೇಲಿಯದ ಚಲನಚಿತ್ರವನ್ನು ನೋಡುವ ಅವಕಾಶ ಸಿಕ್ಕರೆ, ನಾಲ್ವರು ಹುಡುಗಿಯರು ಯೊರ್ಟಾ ಯೊರ್ಟಾ ಭಾಷೆಯಲ್ಲಿ ಅದನ್ನು ಹಾಡುವುದನ್ನು ನೀವೂ ಕೇಳಬಹುದು.